ನಾಯಿ ಮನೆಯೊಳಗಿರಲಿ, ಮಂಚದ ಮಾತು ಬೇರೆ

ನಾಯಿಮರಿ ಬಂದ ಮೊದಲ ವಾರದಲ್ಲೇ ಎಷ್ಟೋ ಮನೆಗಳಲ್ಲಿ ಏಳುವ ತಕರಾರು ಇದು. ಅಜ್ಜಿಗೆ ಅದು ನಡುಮನೆಗೂ ಬರಬಾರದು, ಮೊಮ್ಮಕ್ಕಳಿಗೆ ಅದು ತಮ್ಮ ರಗ್ಗಿನೊಳಗೇ ಮಲಗಬೇಕು. ಜಗಳದಲ್ಲಿ ಎರಡು ಪ್ರಶ್ನೆಗಳು ಕಲಸಿಹೋಗುತ್ತವೆ. ಮನೆಯೊಳಗೆ ಇರಬಹುದೇ ಎನ್ನುವುದಕ್ಕೆ ನನ್ನ ಉತ್ತರ ಹೌದು, ಇರಲೇಬೇಕು. ಮಂಚ ಹತ್ತಬಹುದೇ ಎನ್ನುವುದಕ್ಕೆ ಉತ್ತರ ಆ ನಾಯಿಯ ವಯಸ್ಸು, ಮೈಮೇಲಿನ ಉಣುಗು, ಸ್ವಭಾವ, ಮನೆಯಲ್ಲಿರುವವರ ಆರೋಗ್ಯ ಇವುಗಳ ಮೇಲೆ ನಿಂತಿದೆ.

ಮೊದಲು ಹೊರಗೆ ಕಟ್ಟುವ ವಿಚಾರ ಮುಗಿಸೋಣ. ಕಲಬುರಗಿ, ರಾಯಚೂರಿನ ಕಡೆ ಏಪ್ರಿಲ್–ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ, ತಗಡಿನ ಶೆಡ್ಡಿನೊಳಗೆ ಇನ್ನೂ ಹೆಚ್ಚು. ನಾಯಿ ಮೈಯೆಲ್ಲ ಬೆವರುವ ಪ್ರಾಣಿಯಲ್ಲ, ತೇಕಿಯೇ ಮೈ ತಂಪು ಮಾಡಿಕೊಳ್ಳಬೇಕು. ಮೂಗು ಚಪ್ಪಟೆಯಾದ ಪಗ್‌ನಂಥವಕ್ಕೆ ಅದೂ ಸರಿಯಾಗಿ ಆಗದು. ಮಲೆನಾಡು, ಕರಾವಳಿಯಲ್ಲಿ ಮಳೆಗಾಲದುದ್ದಕ್ಕೂ ಒದ್ದೆ ಕೂದಲಿನಡಿ ಚರ್ಮ ಕೊಳೆತು ಹುಣ್ಣಾಗುತ್ತದೆ. ಕಾಡಂಚಿನ ಊರುಗಳಲ್ಲಿ ರಾತ್ರಿ ಅಂಗಳದಲ್ಲಿ ಕಟ್ಟಿದ ನಾಯಿ ಚಿರತೆಗೆ ಸುಲಭದ ತುತ್ತು. ನಾಯಿಯನ್ನು ಅಡ್ಡಾಡಿಸದೆ ಸದಾ ಗಿಡ್ಡ ಸರಪಳಿಯಲ್ಲಿ ಕಟ್ಟಿಹಾಕುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧವೂ ಹೌದು. ಎಲ್ಲಕ್ಕಿಂತ ಮುಖ್ಯವಾಗಿ, ಹೊರಗಿರುವ ನಾಯಿ ಊಟ ಬಿಟ್ಟದ್ದು, ಕುಂಟಿದ್ದು, ಮೂತ್ರ ಕೆಂಪಾದದ್ದು ಎರಡು ದಿನ ತಡವಾಗಿ ಕಣ್ಣಿಗೆ ಬೀಳುತ್ತದೆ.

ಇನ್ನು ಮಂಚ. ಜನ ಕೂದಲು ಉದುರುತ್ತದೆ, ವಾಸನೆ ಬರುತ್ತದೆ ಎಂದು ತಲೆಕೆಡಿಸಿಕೊಳ್ಳುತ್ತಾರೆ. ನಿಜವಾಗಿ ತಲೆಕೆಡಿಸಿಕೊಳ್ಳಬೇಕಾದದ್ದು ಉಣುಗಿನ ಬಗ್ಗೆ. ನಮ್ಮ ಮನೆಗಳಲ್ಲಿ ಕಾಣುವ ಕಂದು ಬಣ್ಣದ ನಾಯಿ ಉಣುಗು ಹುಲ್ಲು, ಪೊದೆಯ ಹಂಗಿಲ್ಲದೆ ಇಡೀ ಬದುಕನ್ನು ಮನೆಯೊಳಗೇ ಕಳೆಯಬಲ್ಲದು. ಉಣುಗಿನ ಮರಿ ನಾಯಿಯ ರಕ್ತ ಕುಡಿದು ಕೆಳಗೆ ಬೀಳುತ್ತದೆ, ಸಂದಿಯಲ್ಲಿ ಪೊರೆ ಬಿಡುತ್ತದೆ, ಮತ್ತೆ ನಾಯಿಯ ಮೈ ಏರುತ್ತದೆ. ಹೀಗೆ ಒಟ್ಟು ಮೂರು ಸಲ ರಕ್ತ ಕುಡಿಯುತ್ತದೆ. ಕೊನೆಗೆ ಹೊಟ್ಟೆ ಊದಿದ ಹೆಣ್ಣು ಉದುರಿ ಗೋಡೆ ಹತ್ತಿ, ಸ್ವಿಚ್‌ಬೋರ್ಡಿನ ಹಿಂದೆಯೋ ಬಾಗಿಲ ಚೌಕಟ್ಟಿನ ಬಿರುಕಿನಲ್ಲೋ ಸಾವಿರಕ್ಕೂ ಮಿಕ್ಕಿ ಮೊಟ್ಟೆ ಇಟ್ಟು ಸಾಯುತ್ತದೆ. ಗೋಡೆಯ ಮೇಲೆ ಬೂದು ಬಣ್ಣದ ಕಾಳಿನಂಥದ್ದು ಮೇಲಕ್ಕೆ ಸಾಗುತ್ತಿದ್ದರೆ ಅದು ಇದೇ. ನಾಯಿ ಮಂಚದ ಮೇಲೆ ಮಲಗಿದರೆ ಇವು ಉದುರುವ ಜಾಗವೂ ಮಂಚವೇ: ಹಾಸಿಗೆಯ ಅಂಚಿನ ಹೊಲಿಗೆ, ಮರದ ಕೀಲು, ತಲೆದಿಕ್ಕಿನ ಹಲಗೆಯ ಹಿಂಭಾಗ.

ಇಲ್ಲಿ ಆಗುವ ತಪ್ಪು ಬಹುತೇಕ ಒಂದೇ. ಒಮ್ಮೆ ಔಷಧಿ ಹಾಕಿ, ಉಣುಗು ಕಾಣದಾದಾಗ ನಿಲ್ಲಿಸಿಬಿಡುತ್ತಾರೆ. ಗೋಡೆಯಲ್ಲಿದ್ದ ಮೊಟ್ಟೆಗಳು ಕೆಲವು ವಾರದಲ್ಲಿ ಒಡೆಯುತ್ತವೆ, ಆಗ "ಆ ಔಷಧಿ ಕೆಲಸ ಮಾಡಲಿಲ್ಲ" ಎನ್ನುತ್ತಾರೆ. ಕನಿಷ್ಠ ಮೂರು ತಿಂಗಳು ಬಿಡದೆ ಕೊಡಬೇಕು. ನಮ್ಮ ಹವೆಗೆ ವರ್ಷಪೂರ್ತಿ ಕೊಡುವುದೇ ಸರಿ. ಅಫಾಕ್ಸೊಲೇನರ್ ಇರುವ ಮಾತ್ರೆ ತಿಂಗಳಿಗೊಂದು, ಫ್ಲುರಲಾನರ್ ಇರುವುದು ಸುಮಾರು 12 ವಾರಕ್ಕೊಂದು. ಎರಡೂ ತೂಕದ ಲೆಕ್ಕದಲ್ಲಿ, ಪಶುವೈದ್ಯರ ಚೀಟಿಯ ಮೇಲೆ. ನಾಯಿಗೆ ಹಿಂದೆ ಫಿಟ್ಸ್ ಬಂದಿದ್ದರೆ ಅದನ್ನು ಮೊದಲೇ ಹೇಳಬೇಕು. ಮಾತ್ರೆ ಕೊಟ್ಟ ಮೇಲೂ ಉಣುಗು ಮೈ ಏರಿ ಕಚ್ಚುತ್ತದೆ, ಕಚ್ಚಿದ ಮೇಲೆ ಸಾಯುತ್ತದೆ. ಹಾಗಾಗಿ ಸತ್ತವು ಒಂದೆರಡು ಸಿಕ್ಕರೆ ಗಾಬರಿ ಬೇಡ. ಕತ್ತಿನ ಹಿಂದೆ ಹನಿಸುವ ಫಿಪ್ರೊನಿಲ್ ಆದರೆ ಕೂದಲು ಬಿಡಿಸಿ ಚರ್ಮಕ್ಕೇ ತಾಗುವಂತೆ ಹಾಕಿ, ಹಾಕುವ ಎರಡು ದಿನ ಮೊದಲು ಮತ್ತು ಹಾಕಿದ ಎರಡು ದಿನದವರೆಗೆ ಸ್ನಾನ ಬೇಡ. ಮನೆಯಲ್ಲಿ ಬೆಕ್ಕೂ ಇದ್ದರೆ ಪರ್ಮೆಥ್ರಿನ್ ಇರುವ ನಾಯಿ ಔಷಧಿಯನ್ನು ತರಲೇಬೇಡಿ, ಬೆಕ್ಕಿಗೆ ಅದು ವಿಷ. ಸೀಮೆಎಣ್ಣೆ ಹಚ್ಚುವುದು, ಹೊಗೆಸೊಪ್ಪಿನ ನೀರಲ್ಲಿ ಮೀಯಿಸುವುದು ಇನ್ನೂ ಬಿಟ್ಟುಹೋಗಿಲ್ಲ. ಮೊದಲನೆಯದು ಚರ್ಮ ಸುಡುತ್ತದೆ. ಎರಡನೆಯದರ ನಿಕೋಟಿನ್ ಚರ್ಮದ ಮೂಲಕ ಒಳಗಿಳಿದರೂ, ನಾಯಿ ಮೈ ನೆಕ್ಕಿದರೂ ಅಪಾಯವೇ.

ಕಚ್ಚಿಕೊಂಡ ಉಣುಗನ್ನು ತೆಗೆಯಲು ಮೊನಚು ಚಿಮಟ ಬೇಕು. ಚರ್ಮಕ್ಕೆ ಅಂಟಿದಂತೆ ಅದರ ಬಾಯಿಯ ಬಳಿ ಹಿಡಿದು, ತಿರುಚದೆ, ನಿಧಾನವಾಗಿ ನೇರ ಮೇಲಕ್ಕೆ ಎಳೆಯಿರಿ. ಬೆಂಕಿಕಡ್ಡಿ ತಾಗಿಸಿದರೆ, ಬೆರಳಲ್ಲಿ ಹೊಸಕಿದರೆ ಅದರೊಳಗಿನ ದ್ರವವೆಲ್ಲ ಗಾಯಕ್ಕೆ ಸೇರುತ್ತದೆ. ತೆಗೆದದ್ದನ್ನು ಸ್ಪಿರಿಟ್ ಇರುವ ಶೀಷೆಗೆ ಹಾಕಿ. ಕಿವಿಯ ಒಳಮಡಿಕೆ, ಬೆರಳುಗಳ ಸಂದಿ, ಬೆಲ್ಟಿನಡಿ, ಬಾಲದ ಬುಡ, ಕಂಕುಳು ಇಷ್ಟನ್ನು ದಿನಾ ರಾತ್ರಿ ಬೆರಳಾಡಿಸಿ ನೋಡಿದರೆ ಸಾಕು, ಐದು ನಿಮಿಷದ ಕೆಲಸ. ಜ್ವರ, ಬಿಳಿಚಿದ ಒಸಡು, ಮೂಗಿನಿಂದ ರಕ್ತ, ಊಟ ಬೇಡವೆನ್ನುವುದು ಕಂಡರೆ ಎರ್ಲಿಕಿಯಾ ಇರಬಹುದು. ಜನ ಟಿಕ್ ಫೀವರ್ ಎನ್ನುವ, ಉಣುಗಿನಿಂದ ಬರುವ ಕಾಯಿಲೆಗಳಲ್ಲಿ ಇದೂ ಒಂದು. ಅಂದೇ ರಕ್ತಪರೀಕ್ಷೆ ಮಾಡಿಸಬೇಕು. ಈ ಉಣುಗು ಮನುಷ್ಯರನ್ನು ಕಚ್ಚುವುದು ಕಡಿಮೆ, ಇಲ್ಲವೇ ಇಲ್ಲ ಎಂದೇನಲ್ಲ. ಕಚ್ಚಿದರೆ ರಿಕೆಟ್ಸಿಯಾ ಜ್ವರ ತರಬಲ್ಲದು.

ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರಿನ ಕಾಡಂಚಿನವರಿಗೆ ಇನ್ನೊಂದು ಮಾತು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಹರಡುವುದು ಬೇರೆ ಜಾತಿಯ, ಕಾಡಿನ ಉಣುಗಿನಿಂದ. ಡಿಸೆಂಬರಿನಿಂದ ಮೇವರೆಗೆ ಅದರ ಕಾಲ. ಆ ತಿಂಗಳುಗಳಲ್ಲಿ ದನದ ಹಿಂದೆ ಕಾಡಿಗೆ ಹೋಗಿಬರುವ ನಾಯಿ ಹೊರಗಿನ ಉಣುಗನ್ನು ಮೈಮೇಲೆ ಹೊತ್ತು ತರಬಹುದು. ಜಗಲಿಯಲ್ಲೇ ಮೈ ಬಾಚಿ ನೋಡಿ ಒಳಗೆ ಬಿಡಿ, ಮಂಚ ಪೂರ್ತಿ ಬಂದ್. ಇದರಲ್ಲಿ ರಿಯಾಯಿತಿ ಕೊಡಲು ನನಗೆ ಮನಸ್ಸಿಲ್ಲ.

ಚಿಗಟದ ಕತೆ ಚಿಕ್ಕದು. ಅದರ ಮೊಟ್ಟೆಗಳು ನಾಯಿಯ ಮೈಯಲ್ಲಿ ನಿಲ್ಲುವುದಿಲ್ಲ, ಮಲಗಿದಲ್ಲೆಲ್ಲ ಉದುರುತ್ತವೆ. ಮೊಟ್ಟೆಯೊಡೆದ ಹುಳು ಗೂಡು ಕಟ್ಟಿಕೊಂಡು, ಅದರೊಳಗೆ ವಾರಗಟ್ಟಲೆ ಸುಮ್ಮನಿದ್ದು, ಯಾರಾದರೂ ಓಡಾಡುವ ಅದುರಿಗೆ ಎಚ್ಚತ್ತು ಹೊರಬರುತ್ತದೆ. ಬೆಡ್‌ಶೀಟಿನ ಮೇಲೆ ಸೌತೆಬೀಜದಂಥ ಬಿಳಿ ಚೂರು ಕಂಡರೆ ಅದು ಲಾಡಿಹುಳುವಿನ ತುಂಡು, ಚಿಗಟವನ್ನು ನುಂಗಿದ್ದರಿಂದ ಬಂದದ್ದು. ಹುಳುವಿಗೆ ಮಾತ್ರೆ ಕೊಟ್ಟು ಚಿಗಟಕ್ಕೆ ಏನೂ ಮಾಡದಿದ್ದರೆ ಅದು ಮತ್ತೆ ಬರುತ್ತದೆ.

ಮರಿಗಳಿಗೆ ಮಂಚ ಬೇಡವೆನ್ನಲು ಜಂತುಹುಳು ಒಂದೇ ಕಾರಣ ಸಾಕು. ದುಂಡುಹುಳು ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಮರಿಗೆ ಬಂದಿರುತ್ತದೆ. 2, 4, 6, 8ನೇ ವಾರಗಳಲ್ಲಿ ಔಷಧಿ, ಆಮೇಲೆ ಆರು ತಿಂಗಳಾಗುವವರೆಗೆ ತಿಂಗಳಿಗೊಮ್ಮೆ, ನಂತರ ಮೂರು ತಿಂಗಳಿಗೊಮ್ಮೆ. ಅಂದಾಜಿನಲ್ಲಿ ಕೊಡಬೇಡಿ. ಮರಿಯನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ನಿಮ್ಮ ತೂಕ ಕಳೆಯಿರಿ. ಈ ಹುಳುವಿನ ಮೊಟ್ಟೆ ಹೊರಬಂದ ಕೂಡಲೇ ಸೋಂಕು ತರುವುದಿಲ್ಲ, ಮಣ್ಣಿನಲ್ಲಿ ಎರಡು ವಾರವಾದರೂ ಬಲಿಯಬೇಕು. ಅಂದಂದಿನ ಮಲವನ್ನು ಅಂದೇ ಎತ್ತಿದರೆ ಅರ್ಧ ಅಪಾಯ ತಪ್ಪಿತು. ಮೂರು ತಿಂಗಳಿಗೆ ರೇಬೀಸ್ ಲಸಿಕೆ, ಮುಂದೆ ವರ್ಷಕ್ಕೊಮ್ಮೆ. ಇಲಿಜ್ವರದ ಲಸಿಕೆಯೂ ವರ್ಷಕ್ಕೊಮ್ಮೆ, ಕರಾವಳಿಯವರು ಅದನ್ನು ಮಳೆಗಾಲಕ್ಕೆ ಮುಂಚೆಯೇ ಹಾಕಿಸಬೇಕು.

ಮರಿ ಮಂಚದ ಮೇಲೆ ಮೂತ್ರ ಮಾಡುವುದು ಹಟಕ್ಕಲ್ಲ. ಎರಡು ತಿಂಗಳ ಮರಿ ತಡೆದುಕೊಳ್ಳುವುದು ಹೆಚ್ಚೆಂದರೆ ಮೂರು ಗಂಟೆ, ಮೂರು ತಿಂಗಳದ್ದು ನಾಲ್ಕು. ರಾತ್ರಿ ಒಮ್ಮೆ ಎದ್ದು ಹೊರಗೆ ಕರೆದೊಯ್ಯಲೇಬೇಕು. ಹತ್ತಿಯ ಹಾಸಿಗೆಗೆ, ಬೂರುಗದ ಅರಳೆಗೆ ಮೂತ್ರ ಇಳಿಯಿತೆಂದರೆ ತೊಳೆಯುವ ದಾರಿಯಿಲ್ಲ. ಬಿಸಿಲಿಗೆ ಹಾಕಿದರೆ ನಮ್ಮ ಮೂಗಿಗೆ ವಾಸನೆ ಹೋಗುತ್ತದೆ, ನಾಯಿಯ ಮೂಗಿಗೆ ಹೋಗುವುದಿಲ್ಲ. ಅದು ಅದೇ ಜಾಗಕ್ಕೆ ಮತ್ತೆ ಬರುತ್ತದೆ. ಒದ್ದೆಯನ್ನು ಉಜ್ಜದೆ ಒಣಬಟ್ಟೆಯಿಂದ ಒತ್ತಿ ಹೀರಿಸಿ, ಸಾಕುಪ್ರಾಣಿ ಅಂಗಡಿಯಲ್ಲಿ ಸಿಗುವ ಎನ್‌ಜೈಮ್ ದ್ರವ ಸುರಿದು, ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಹಾಗೇ ಬಿಡಬೇಕು. ಆತುರಕ್ಕೆ ಐದು ನಿಮಿಷದಲ್ಲಿ ಒರೆಸಿದರೆ ದುಡ್ಡು ದಂಡ. ನೆಲಕ್ಕೆ ಕಪ್ಪು ಫಿನಾಯಿಲ್ ಬೇಡ, ಅದರ ಫೀನಾಲ್ ಅಂಗಾಲು ಸುಡುತ್ತದೆ, ಅಂಗಾಲನ್ನು ನೆಕ್ಕಿದರೆ ಹೊಟ್ಟೆಗೂ ಹೋಗುತ್ತದೆ. ಹಳೆ ಹೊದಿಕೆ ತೆಗೆದು ನಾಯಿಗೆ ಹಾಸುವಾಗ ಮಡಿಕೆಯಲ್ಲಿ ನುಸಿಗುಳಿಗೆ ಉಳಿದಿಲ್ಲವೇ ಎಂದು ಕೊಡವಿ ನೋಡಿ. ನ್ಯಾಫ್ತಲಿನ್ ಒಂದು ಗುಳಿಗೆ ನುಂಗಿದರೂ ಸಣ್ಣ ನಾಯಿಗೆ ಜೀವಾಪಾಯ.

ಮೈಕಟ್ಟಿನ ಲೆಕ್ಕವೂ ಇದೆ. ಡ್ಯಾಶ್‌ಹಂಡ್‌ನ ಉದ್ದ ಬೆನ್ನಿಗೆ ಮಂಚದಿಂದ ದಿನಕ್ಕೆ ಹತ್ತು ಸಲ ನೆಗೆಯುವುದು ಡಿಸ್ಕ್ ಜಾರಲು ಆಹ್ವಾನ. ಲ್ಯಾಬ್ರಡಾರ್ ಮರಿಗೆ ಸೊಂಟದ ಕೀಲು ಮೊದಲೇ ಸೂಕ್ಷ್ಮ, ಅದರ ಮೇಲೆ ನುಣುಪು ಟೈಲ್ಸ್ ಮೇಲೆ ಇಳಿಯುವಾಗ ಹಿಂಗಾಲು ಎರಡೂ ಕಡೆಗೆ ಜಾರುತ್ತದೆ. ಹತ್ತಲು ಬಿಡುವುದೇ ಆದರೆ ಇಳಿಯುವ ಕಡೆ ರಬ್ಬರ್ ತಳದ ಮ್ಯಾಟ್, ಮಧ್ಯೆ ಒಂದು ಗಟ್ಟಿ ಮೆಟ್ಟಿಲು ಇಡಿ. ಅಂಗಾಲಿನ ಗದ್ದುಗೆಗಳ ನಡುವಿನ ಕೂದಲು ಕತ್ತರಿಸಿ. ನಡೆಯುವಾಗ ಉಗುರು ಟಕಟಕ ಎಂದರೆ ಅದೂ ಉದ್ದವಾಗಿದೆ.

ಸ್ವಭಾವದ ವಿಚಾರಕ್ಕೆ ಬಂದರೆ, ಮಂಚದ ಮೇಲಿಂದ ಗುರ್ ಎನ್ನುವ ನಾಯಿ "ಯಜಮಾನಿಕೆ" ಮಾಡುತ್ತಿದೆ ಎಂಬ ವಿವರಣೆ ಬಹಳ ಓಡಾಡುತ್ತದೆ. ಅದು ಜಾಗ ಕಳೆದುಕೊಳ್ಳುವ ಅಂಜಿಕೆ, ಕೆಲವೊಮ್ಮೆ ನೋವು. ಗುರ್ ಎಂದದ್ದಕ್ಕೆ ಹೊಡೆದರೆ ಅದು ಎಚ್ಚರಿಕೆ ಕೊಡುವುದನ್ನು ಬಿಡುತ್ತದೆ, ಮುಂದೆ ನೇರ ಕಚ್ಚುತ್ತದೆ. ಬೆಲ್ಟ್ ಹಿಡಿದು ಎಳೆಯುವುದೂ ಬೇಡ. "ಇಳಿ" ಎಂದು ಹೇಳಿ ನೆಲಕ್ಕೆ ತಿಂಡಿ ಚೂರು ಎಸೆಯಿರಿ, ಇಳಿದಾಗ ಹೊಗಳಿ. ದಿನಕ್ಕೆ ಹತ್ತು ಸಲದಂತೆ ಎರಡು ವಾರ ಮಾಡಿದರೆ ಬರೀ ಮಾತಿಗೆ ಇಳಿಯುವುದನ್ನು ಹೆಚ್ಚಿನವು ಕಲಿಯುತ್ತವೆ. ಹೇಳಿದಾಗ ಇಳಿಯದ ನಾಯಿಗೆ ಮಂಚ ಇಲ್ಲ, ಕರೆದಾಗ ಮಾತ್ರ ಹತ್ತಬೇಕು. ಅಪ್ಪ ಓಡಿಸಿ, ಮಗಳು ನಡುರಾತ್ರಿ ಹತ್ತಿಸಿಕೊಂಡರೆ ನಾಯಿ ಕಲಿಯುವುದು ಅಪ್ಪ ಮಲಗುವವರೆಗೆ ಕಾಯಬೇಕು ಎಂಬುದನ್ನಷ್ಟೇ. ಮುದಿ, ಕಿವಿ ಮಂದವಾದ ನಾಯಿ ನಿದ್ದೆಯಲ್ಲಿ ಯಾರಾದರೂ ತಾಕಿದರೆ ಬೆಚ್ಚಿ ಬಾಯಿ ಹಾಕಬಹುದು. ಹಸುಗೂಸು ಮಲಗುವ ಹಾಸಿಗೆಯ ಮೇಲಂತೂ ಎಂಥ ಸಾಧು ನಾಯಿಯೂ ಬೇಡ. ಆಸ್ತಮಾ ಇರುವವರು, ಕೀಮೋಥೆರಪಿಯಲ್ಲಿರುವವರು, ಗುಲ್ಮ ತೆಗೆಸಿಕೊಂಡವರು, ಮೈಮೇಲೆ ತೆರೆದ ಗಾಯವಿರುವವರು ಮಲಗುವ ಕೋಣೆಯನ್ನೇ ನಾಯಿಯಿಂದ ಬೇರೆ ಇಡುವುದು ಲೇಸು. ಅಲರ್ಜಿ ತರುವುದು ಕೂದಲಿಗಿಂತ ಹೆಚ್ಚಾಗಿ ಜೊಲ್ಲು ಮತ್ತು ಚರ್ಮದ ಹೊಟ್ಟು. ಕೂದಲು ಬೋಳಿಸಿದರೆ ಅದು ನಿಲ್ಲದು.

ನಿದ್ದೆ ಕೆಡುತ್ತದೆಯೇ? ಅಮೆರಿಕದ ಮೇಯೋ ಕ್ಲಿನಿಕ್‌ನವರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 40 ಮಂದಿಯ ನಿದ್ದೆ ಅಳೆದರು. ಹಾಸಿಗೆಯಲ್ಲಿ ಕಳೆದ ಹೊತ್ತಿನಲ್ಲಿ ನಿಜವಾಗಿ ನಿದ್ರಿಸಿದ್ದು, ನಾಯಿ ಕೋಣೆಯಲ್ಲಿ ಬೇರೆಡೆ ಮಲಗಿದಾಗ 83 ಪ್ರತಿಶತ, ಮಂಚದ ಮೇಲಿದ್ದಾಗ 80. ವ್ಯತ್ಯಾಸ ಸಣ್ಣದು, ಆದರೆ ಒಂದೇ ಕೋಣೆ, ಬೇರೆ ಹಾಸಿಗೆ ಎಂಬ ನಡುದಾರಿಗೆ ಇದು ಒಳ್ಳೆಯ ಆಧಾರ. ನನ್ನ ಮತವೂ ಅದಕ್ಕೇ.

ಆ ಹಾಸಿಗೆ ಹೇಗಿರಬೇಕು? ನಾಯಿ ಉದ್ದಕ್ಕೆ ಮಲಗಿದಾಗ ಮೂಗಿನಿಂದ ಬಾಲದ ಬುಡದವರೆಗೆ ಅಳೆದು, ಅದಕ್ಕೆ 20 ಸೆಂ.ಮೀ. ಸೇರಿಸಿ. ದಪ್ಪ ಮೂರು–ನಾಲ್ಕು ಇಂಚಿನ ಗಟ್ಟಿ ಫೋಮ್, ಅದಕ್ಕೆ ನೀರು ಇಳಿಯದ ಹೊದಿಕೆ, ಮೇಲೆ ತೊಳೆಯಬಹುದಾದ ದಪ್ಪ ಹತ್ತಿಬಟ್ಟೆಯ ಎರಡು ಜೊತೆ ಕವರ್. ಮುಧೋಳದ ನಾಯಿಯಂಥ ಕೊಬ್ಬಿಲ್ಲದ ಮೈಯವು ಗ್ರಾನೈಟ್ ಮೇಲೆ ಮಲಗಿ ಮೊಣಕೈಗೆ ಜಡ್ಡು ಕಟ್ಟಿಸಿಕೊಳ್ಳುತ್ತವೆ, ಅದು ಊದಿ ನೀರು ತುಂಬುವುದೂ ಉಂಟು. ಸೆಖೆಯ ಊರಲ್ಲಿ ಗಾಳಿಯಾಡುವ ನವಾರಿನ ಗಿಡ್ಡ ಮಂಚ ಇನ್ನೂ ವಾಸಿ. ಗೋಣಿಚೀಲ ಮಾತ್ರ ಬೇಡ, ಅದರ ನೇಯ್ಗೆಯ ಸಂದಿ ಉಣುಗಿಗೆ ಹೇಳಿ ಮಾಡಿಸಿದಂತಿದೆ. ಕವರನ್ನೂ, ನಾಯಿ ಹತ್ತುವ ಮಂಚದ ಬೆಡ್‌ಶೀಟನ್ನೂ ವಾರಕ್ಕೊಮ್ಮೆ 60 ಡಿಗ್ರಿ ನೀರಲ್ಲಿ ಒಗೆಯಿರಿ. ತಣ್ಣೀರಿನ ಒಗೆತದಲ್ಲಿ ಉಣುಗು ಬದುಕಿ ಉಳಿಯುತ್ತದೆ. ಮಷಿನ್ನಿನಲ್ಲಿ ಬಿಸಿ ಇಲ್ಲದಿದ್ದರೆ ಕುದಿನೀರಲ್ಲಿ ಅರ್ಧ ಗಂಟೆ ನೆನೆಸಿ ಆಮೇಲೆ ಹಾಕಿ.

ವಾಕಿಂಗ್ ಮುಗಿಸಿ ಬಂದಾಗ ಒಂದು ಮಗ್ ನೀರಲ್ಲಿ ನಾಲ್ಕೂ ಪಾದ ಅದ್ದಿ ತೆಗೆದು, ಬೆರಳ ಸಂದಿಗಳನ್ನು ಒಣ ಟವೆಲಿನಿಂದ ಒತ್ತಿ ಒರೆಸಬೇಕು. ತೊಳೆದು ಒರೆಸದೆ ಬಿಟ್ಟರೆ ಸಂದಿಯಲ್ಲಿ ಯೀಸ್ಟ್ ಬೆಳೆದು ನಾಯಿ ರಾತ್ರಿಯಿಡೀ ಪಾದ ನೆಕ್ಕುತ್ತದೆ. ಸ್ನಾನ ಮೂರು–ನಾಲ್ಕು ವಾರಕ್ಕೊಮ್ಮೆ, ನಾಯಿಯ ಶಾಂಪೂವಿನಲ್ಲೇ. ನಮ್ಮ ಸೋಪು, ಡೆಟಾಲ್ ಅದರ ಚರ್ಮವನ್ನು ಒಣಗಿಸುತ್ತವೆ.

ಅಡುಗೆಮನೆ, ದೇವರಮನೆಗೆ ಬೇಡ ಎನ್ನುವ ಹಿರಿಯರ ಮಾತನ್ನು ಪಾಲಿಸುವುದು ಕಷ್ಟವೇನಲ್ಲ. ಹಳೆ ಮನೆಗಳಲ್ಲಿ ಹೊಸ್ತಿಲು ಇರುವುದರಿಂದ ನಾಯಿಗೆ ಗೆರೆ ಸ್ಪಷ್ಟವಾಗಿ ಕಾಣುತ್ತದೆ. ಫ್ಲ್ಯಾಟುಗಳಲ್ಲಿ ನೆಲಕ್ಕೆ ಅಗಲವಾದ ಬಣ್ಣದ ಟೇಪ್ ಅಂಟಿಸಬಹುದು. ನಾಯಿ ಗೆರೆಯ ಆಚೆ ನಿಂತಾಗಲೇ ತಿಂಡಿ ಕೊಡಿ, ಕಾಲಿಟ್ಟರೆ ಬೈಯದೆ ಅದರ ಕಡೆಗೆ ನಡೆದು ಹಿಂದೆ ಸರಿಸಿ. ಇದು ಕೆಡುವುದು ಬಹುಪಾಲು ದೋಸೆ ಹೊಯ್ಯುವ ಹೊತ್ತಿಗೆ: ಯಾರೋ ಒಬ್ಬರು ಒಲೆಯ ಬಳಿಗೇ ಕರೆದು ಚೂರು ಕೊಡುತ್ತಾರೆ. ಕೊಡಲೇಬೇಕೆನಿಸಿದರೆ ಖಾಲಿ ದೋಸೆಯ ಅಂಚನ್ನು ಗೆರೆಯಾಚೆಗೆ ಹಾಕಿ. ಈರುಳ್ಳಿ ದೋಸೆಯಾದರೆ ಅದೂ ಬೇಡ, ಈರುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ.