ಕ್ಯಾಮೆರಾದ ಹಿಂದೆ ಕ್ಯಾಂಡಿಡಾ ರಾಯಲ್

ಬೆಳಗಿನಿಂದ ಕ್ಯಾಂಡಿಡಾ ರಾಯಲ್ ಅವರೇ ತಲೆಯಲ್ಲಿದ್ದಾರೆ. 1970ರ ದಶಕದಲ್ಲಿ ಅಮೆರಿಕದ ವಯಸ್ಕರ ಚಿತ್ರಗಳಲ್ಲಿ ನಟಿಸಿದವರು. 1984ರಲ್ಲಿ ಫೆಮ್ ಪ್ರೊಡಕ್ಷನ್ಸ್ ಕಟ್ಟಿ ತಾವೇ ಬರೆದು ನಿರ್ದೇಶಿಸತೊಡಗಿದರು. ಅಂಥ ಚಿತ್ರಗಳ ದೃಶ್ಯ ಸಾಮಾನ್ಯವಾಗಿ ಗಂಡಸಿನ ಸುಖದ ಕೊನೆಯ ಕ್ಷಣವನ್ನು ಹತ್ತಿರದಿಂದ ತೋರಿಸಿ ಮುಗಿಯುತ್ತಿತ್ತು. ರಾಯಲ್ ಆ ಶಾಟನ್ನೇ ಕೈಬಿಟ್ಟರು. ಅದರ ಜಾಗಕ್ಕೆ ಕಥೆ, ಮಾತು, ಮುದ್ದು, ಹೆಣ್ಣಿನ ಬಯಕೆ ಬಂದವು. ವಿಡಿಯೊ ಕ್ಯಾಸೆಟ್ ಮನೆಮನೆಗೆ ಬರುತ್ತಿದ್ದ ಕಾಲ ಅದು. ಹೆಂಗಸರೂ ನೋಡುತ್ತಾರೆಂದು ಅವರು ನಂಬಿದ್ದರು. ಇಂಥ ಚಿತ್ರಗಳನ್ನೇ ವಿರೋಧಿಸುತ್ತಿದ್ದ ಸ್ತ್ರೀವಾದಿಗಳ ಟೀಕೆಯಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ, ಆ ಉದ್ಯಮದ ಕ್ರೌರ್ಯ ಸುಳ್ಳಲ್ಲ. ಆದರೂ ಒಳಗಿದ್ದುಕೊಂಡೇ ಅದನ್ನು ತಿದ್ದಲು ಹೊರಟ ಈ ಹೆಣ್ಣಿನ ಎದೆಗಾರಿಕೆ ನನಗೆ ಬಹಳ ದೊಡ್ಡದು. 2015ರಲ್ಲಿ ತೀರಿಕೊಂಡರು. ಅವರ ದಿನಚರಿಗಳು ಈಗ ಹಾರ್ವರ್ಡ್‌ನ ಶ್ಲೆಸಿಂಗರ್ ಗ್ರಂಥಾಲಯದಲ್ಲಿವೆ. ಇತಿಹಾಸಕಾರರು ಅವನ್ನು ಓದುತ್ತಾರೆಂಬುದೇ ನನಗೆ ಸಂತೋಷ.