ಸ್ಟೀಪಲ್‌ಚೇಸ್ ಪಾರ್ಕ್: ಬೀಳಿಸುವುದಕ್ಕೆಂದೇ ಹಾಕಿದ ನೆಲ

ನ್ಯೂಯಾರ್ಕಿನ ಕೋನಿ ಐಲೆಂಡ್ ಕಡಲತೀರದಲ್ಲಿದ್ದ ಮನರಂಜನಾ ಉದ್ಯಾನ ಸ್ಟೀಪಲ್‌ಚೇಸ್ ಪಾರ್ಕ್ ಎಂದರೆ ಹೆಚ್ಚಿನವರಿಗೆ ನೆನಪಾಗುವುದು ಅಲ್ಲಿನ ಯಾಂತ್ರಿಕ ಕುದುರೆಗಳು. ನನಗೆ ಮಾತ್ರ ಅದರ ಜೀವವೆಲ್ಲ ಪೆವಿಲಿಯನ್ ಆಫ್ ಫನ್ ಎಂಬ ಗಾಜು-ಉಕ್ಕಿನ ದೊಡ್ಡ ಮಂಟಪದಲ್ಲಿತ್ತು ಅನ್ನಿಸುತ್ತದೆ. ಅಲ್ಲಿ ಹತ್ತಿ ಕೂರುವ ಆಟಗಳಿಗಿಂತ ಕಾಲ ಕೆಳಗಿನ ನೆಲವೇ ಹೆಚ್ಚು ಕೆಲಸ ಮಾಡುತ್ತಿತ್ತು. ನೆಲ ಅಲುಗಿ ಜನ ಬೀಳುತ್ತಿದ್ದರು, ಬಿದ್ದವರನ್ನು ನೋಡಿ ಉಳಿದವರು ನಗುತ್ತಿದ್ದರು.

ಕಟ್ಟಿಸಿದವನು ಜಾರ್ಜ್ ಟಿಲ್ಯೂ. 1893ರ ಷಿಕಾಗೊ ವಿಶ್ವಮೇಳದಲ್ಲಿ ಫೆರಿಸ್ ಚಕ್ರ ಕಂಡು ಅದನ್ನೇ ಕೊಳ್ಳಲು ಹೊರಟು, ಸಿಗದಿದ್ದಾಗ ಅದಕ್ಕಿಂತ ಚಿಕ್ಕದೊಂದನ್ನು ಮಾಡಿಸಿ ಕೋನಿ ಐಲೆಂಡಿನಲ್ಲಿ ನಿಲ್ಲಿಸಿದ. 1895ರಲ್ಲಿ ಅಲ್ಲೇ ಪಾಲ್ ಬಾಯ್ಟನ್ ಸುತ್ತ ಬೇಲಿ ಹಾಕಿ, ಬಾಗಿಲಲ್ಲೇ ಹಣ ಪಡೆಯುವ ಸೀ ಲಯನ್ ಪಾರ್ಕ್ ತೆರೆದಿದ್ದ. ಚದುರಿಬಿದ್ದಿದ್ದ ತನ್ನ ಆಟಗಳನ್ನು ಟಿಲ್ಯೂ ಕೂಡ 1897ರಲ್ಲಿ ಹಾಗೆಯೇ ಒಂದು ಆವರಣದೊಳಗೆ ತಂದ. 1907ರ ಜುಲೈ ಕೊನೆಯಲ್ಲಿ ಪಾರ್ಕ್ ಬೆಂಕಿಗೆ ಸಿಕ್ಕಿ ನಾಶವಾಯಿತು. ಇನ್ನೂ ಹೊಗೆಯಾಡುತ್ತಿದ್ದ ಅವಶೇಷ ನೋಡಲು 10 ಸೆಂಟು ಎಂದು ಫಲಕ ಹಾಕಿ, ಮತ್ತೆ ಕಟ್ಟಲು ಹೊರಟ ಮನುಷ್ಯ ಆತ. ಮುಂದಿನ ವರ್ಷದ ಹೊತ್ತಿಗೆ ಪೆವಿಲಿಯನ್ ಎದ್ದಿತ್ತು. ಮೇಲೆ ಚಾವಣಿ ಇದ್ದುದರಿಂದ ಮಳೆ ಬಂದರೂ ವ್ಯಾಪಾರ ನಿಲ್ಲುತ್ತಿರಲಿಲ್ಲ. ತೆರೆದ ಕಡಲತೀರದಲ್ಲಿ ಇದೊಂದೇ ಅನುಕೂಲ ಎಷ್ಟೋ ವರ್ಷ ಪಾರ್ಕನ್ನು ಕಾಪಾಡಿದೆ.

ಕಡಲ ಕಡೆಯಿಂದ ಒಳಬರುವವರಿಗೆ ಮೊದಲು ಎದುರಾಗುತ್ತಿದ್ದುದು ನುಣುಪಾಗಿ ಪಾಲಿಶ್ ಮಾಡಿದ ಮರದ ತಿರುಗುವ ಪೀಪಾಯಿ. ಅದರೊಳಗೆ ನಡೆದೇ ದಾಟಬೇಕು. 10 ಅಡಿ ವ್ಯಾಸದ ಪೀಪಾಯಿ ನಿಮಿಷಕ್ಕೆ 6 ಸುತ್ತು ತಿರುಗಿದರೂ ಒಳಮೈ ಸೆಕೆಂಡಿಗೆ 3 ಅಡಿಗೂ ಮಿಕ್ಕಿ ಓಡುತ್ತದೆ. ನೇರ ಹೆಜ್ಜೆ ಇಟ್ಟವರ ಕಾಲು ಪಕ್ಕಕ್ಕೆ ಸಾಗಿಹೋಗುತ್ತದೆ, ತಲೆ ಇದ್ದಲ್ಲೇ ಇರುತ್ತದೆ, ಬೀಳುವುದು ಅದರಿಂದ. ದಾಟುವ ಕ್ರಮ ಹೀಗೆ: ಕಾಲಡಿಯ ಹಲಗೆ ಬಲಕ್ಕೆ ಹೋಗುತ್ತಿದ್ದರೆ ಎಡಕ್ಕೆ ಓರೆಯಾಗಿ, ಚಿಕ್ಕ ಚಿಕ್ಕ ಹೆಜ್ಜೆ ಇಡುತ್ತ ಮುಂದೆ ಹೋಗಬೇಕು, ಕಣ್ಣು ಆಚೆ ತುದಿಯ ನಿಶ್ಚಲ ಬಾಗಿಲ ಮೇಲಿರಬೇಕು. ತಿರುಗುವ ಗೋಡೆ ನೋಡಿದರೆ ಸಮತೋಲ ತಪ್ಪುತ್ತದೆ. ಬಿದ್ದವರನ್ನು ಪೀಪಾಯಿ ಸ್ವಲ್ಪ ಮೇಲಕ್ಕೆ ಒಯ್ದು ಕೆಳಕ್ಕೆ ಜಾರಿಸುತ್ತದೆ. ಬಟ್ಟೆಗೂ ಮರಕ್ಕೂ ನಡುವಿನ ಘರ್ಷಣಾಂಕ (ಜಾರದಂತೆ ತಡೆಯುವ ಹಿಡಿತದ ಅಳತೆ) 0.3 ಇದ್ದರೆ ಸುಮಾರು 17 ಡಿಗ್ರಿ ಏರಿದ ಮೇಲೆ ಮೈ ನಿಲ್ಲುವುದಿಲ್ಲ. ಹಾಗಾಗಿ ಬಿದ್ದವರೆಲ್ಲ ಮತ್ತೆ ಮತ್ತೆ ತಳದ ಒಂದೇ ಜಾಗದಲ್ಲಿ, ಒಬ್ಬರ ಮೇಲೊಬ್ಬರು ಗುಡ್ಡೆಯಾಗುತ್ತಿದ್ದರು. ಅಪರಿಚಿತ ಗಂಡು ಹೆಣ್ಣು ಹೀಗೆ ತಾಗುವುದೇ ಆ ಕಾಲಕ್ಕೆ ಅದರ ದೊಡ್ಡ ಆಕರ್ಷಣೆ.

ಹ್ಯೂಮನ್ ರೂಲೆಟ್ ಎಂಬುದು ಕುಂಬಾರನ ತಿಗರಿಯನ್ನು ಹತ್ತಾರು ಜನ ಕೂರುವಷ್ಟು ಹಿಗ್ಗಿಸಿದ ಹಾಗಿತ್ತು. ನಡುವೆ ತುಸು ಉಬ್ಬು, ಅಂಚಿನ ಕಡೆ ಇಳಿಜಾರು. ವೇಗ ಏರಿದಂತೆ ಮೊದಲು ಉರುಳುವವರು ಅಂಚಿನವರು. ಮೇಲಿನ ಘರ್ಷಣಾಂಕವನ್ನೇ ಇಟ್ಟುಕೊಂಡು ಲೆಕ್ಕ ಹಾಕಿದರೆ, ಸಮತಟ್ಟಾದ ತಟ್ಟೆಯ ಮೇಲೂ ಕೇಂದ್ರದಿಂದ 2 ಮೀಟರ್ ದೂರ ಕುಳಿತವರು ನಿಮಿಷಕ್ಕೆ 12 ಸುತ್ತಿಗೆಲ್ಲ ಜಾರುತ್ತಾರೆ. ಅರ್ಧ ಮೀಟರ್ ದೂರದವರು 23 ಸುತ್ತಿನವರೆಗೆ ತಡೆಯುತ್ತಾರೆ. ಆದ್ದರಿಂದ ಚಕ್ರ ನಿಂತಿರುವಾಗಲೇ ಓಡಿಹೋಗಿ ನಟ್ಟನಡುವೆ ಕೂರುವುದೊಂದೇ ಉಪಾಯ. ಅದನ್ನೂ ಕೆಡಿಸುವವರು ಪಕ್ಕದವರು: ಜಾರುವವರು ಕೈಗೆ ಸಿಕ್ಕ ಕಾಲು ಹಿಡಿದು ಎಳೆಯುತ್ತಾರೆ.

ಇನ್ನೊಂದು ಬದಿಯ ಸರ್ಫ್ ಅವೆನ್ಯೂ ರಸ್ತೆಯ ಕಡೆ ನಡುವೆ ಸೀಳಿದ ಭೂಕಂಪದ ಮೆಟ್ಟಿಲಿತ್ತು, ಎಡಭಾಗ ಬಲಭಾಗ ಬೇರೆ ಬೇರೆಯಾಗಿ ಮೇಲೆ ಕೆಳಗೆ ಜಗ್ಗುತ್ತಿದ್ದವು. ಹ್ಯೂಮನ್ ಪೂಲ್ ಟೇಬಲ್‌ನಲ್ಲಿ ನೆಲಮಟ್ಟದ ತಟ್ಟೆಗಳು ಅಕ್ಕಪಕ್ಕದಲ್ಲಿ ಎದುರುಬದುರು ದಿಕ್ಕಿಗೆ ತಿರುಗಿ ಮೇಲೆ ಬಂದವರನ್ನು ಒಂದರಿಂದ ಇನ್ನೊಂದಕ್ಕೆ ಎಸೆಯುತ್ತಿದ್ದವು.

ಕುದುರೆಗಳಿಗೆ ಮೋಟಾರ್ ಇರಲಿಲ್ಲ. ಎತ್ತರಕ್ಕೆ ಎಳೆದು ಬಿಟ್ಟರೆ ಹಳಿಯ ಮೇಲೆ ತಮ್ಮ ತೂಕದಿಂದಲೇ ಓಡುತ್ತಿದ್ದವು. ಗಾಳಿಯ ತಡೆ ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ಆದ್ದರಿಂದ ಭಾರದ ಸವಾರರ ವೇಗ ಕಡಿಮೆ ಕುಗ್ಗುತ್ತಿತ್ತು. ಒಂದೇ ಕುದುರೆಯ ಮೇಲೆ ಕುಳಿತ ಜೋಡಿಗೆ ಗೆಲ್ಲುವ ಅವಕಾಶ ಹೆಚ್ಚು. ಇಳಿದವರು ಹೊರಬೀಳಬೇಕಾದ ದಾರಿಯೇ ಬ್ಲೋಹೋಲ್ ಥಿಯೇಟರ್ ಎಂಬ ಬೆಳಕು ತುಂಬಿದ ವೇದಿಕೆ. ನೆಲದ ರಂಧ್ರಗಳಿಂದ ಗಾಳಿ ಚಿಮ್ಮಿ ಹೆಂಗಸರ ಲಂಗ ಹಾರುತ್ತಿತ್ತು, ಗಂಡಸರ ಟೋಪಿ ಹೋಗುತ್ತಿತ್ತು, ಕೋಡಂಗಿ ವೇಷದವನು ಕರೆಂಟಿನ ಕೋಲು ತಾಗಿಸುತ್ತಿದ್ದ. ಪಾರಾದವರು ಪ್ರೇಕ್ಷಕರ ಸಾಲಿಗೆ ಹೋಗಿ ಕುಳಿತು ಹಿಂದೆ ಬರುವವರಿಗಾಗಿ ಕಾಯುತ್ತಿದ್ದರು. ಪ್ರದರ್ಶನಕ್ಕೆ ನಟರೂ ಪ್ರೇಕ್ಷಕರೂ ಟಿಕೆಟ್ ಕೊಂಡ ಜನರೇ. ಪಾರ್ಕಿಗೆ ಇದಕ್ಕಿಂತ ಅಗ್ಗದ ಏರ್ಪಾಡು ಇರಲಾರದು. ಅದರ ಜಾಣ್ಮೆಯನ್ನು ಮೆಚ್ಚುತ್ತಲೇ ಹೇಳಬೇಕು: ಒಪ್ಪಿಗೆ ಕೇಳದೆ ಹೆಂಗಸರನ್ನು ಹಾಗೆ ನಗೆಗೀಡು ಮಾಡಿದ್ದು ಆಗಲೂ ತಪ್ಪೇ.

ಟಿಲ್ಯೂ 1914ರಲ್ಲಿ ತೀರಿಕೊಂಡ ಮೇಲೆ ಕುಟುಂಬದವರು ನಡೆಸಿದರು. 1939ರ ನ್ಯೂಯಾರ್ಕ್ ವಿಶ್ವಮೇಳಕ್ಕೆ ಕಟ್ಟಿದ್ದ, ಜನರನ್ನು ಪ್ಯಾರಾಚೂಟಿನಲ್ಲಿ ಕೆಳಗಿಳಿಸುವ ಗೋಪುರ ಪ್ಯಾರಾಚೂಟ್ ಜಂಪ್ ಅನ್ನು ಕೊಂಡು ತಂದು 1941ರಲ್ಲಿ ಇಲ್ಲಿ ನಿಲ್ಲಿಸಿದರು. ನೆರೆಯ ಲೂನಾ ಪಾರ್ಕ್ 1944ರಲ್ಲಿ ಬೆಂಕಿಗೆ ತುತ್ತಾಯಿತು. ಯುದ್ಧದ ನಂತರ ಕಾರು ಕೊಂಡವರು ಬೇರೆ ಕಡಲತೀರಗಳಿಗೆ ಹೋಗತೊಡಗಿದರು. 1964ರ ಸೆಪ್ಟೆಂಬರ್ 20ರ ರಾತ್ರಿ ವರ್ಷಕ್ಕೊಂದರಂತೆ 67 ಬಾರಿ ಗಂಟೆ ಬಾರಿಸಿ ಪಾರ್ಕ್ ಮುಚ್ಚಿದರು. ಮರುವರ್ಷ ಜಾಗ ಕೊಂಡ ಫ್ರೆಡ್ ಟ್ರಂಪ್ ವಸತಿ ಕಟ್ಟಡದ ಯೋಜನೆ ಇಟ್ಟುಕೊಂಡು 1966ರಲ್ಲಿ ಅತಿಥಿಗಳನ್ನು ಕರೆದು, ಪೆವಿಲಿಯನ್ನಿನ ಗಾಜಿಗೆ ಇಟ್ಟಿಗೆ ಎಸೆಸಿ, ಕೆಡವಿಸಿದ. ಬೇಕಾದ ಅನುಮತಿ ಸಿಗದೆ ಅವನ ಕಟ್ಟಡ ಏಳಲೇ ಇಲ್ಲ. ಒಂದು ಒಳ್ಳೆಯ ಕಟ್ಟಡ ವ್ಯರ್ಥವಾಗಿ ಹೋಯಿತು ಎಂದು ಇಂದಿಗೂ ಸಿಟ್ಟು ಬರುತ್ತದೆ.

ಆ ಜಾಗದಲ್ಲಿ 2001ರಿಂದ ಬೇಸ್‌ಬಾಲ್ ಮೈದಾನವಿದೆ. ಪಕ್ಕದಲ್ಲಿ ಪ್ಯಾರಾಚೂಟ್ ಗೋಪುರ ಸಂರಕ್ಷಿತ ಸ್ಮಾರಕವಾಗಿ ನಿಂತಿದೆ. 1907ರಲ್ಲಿ ಜರ್ಮನಿಯಲ್ಲಿ ಹ್ಯೂಗೊ ಹಾಸೆ ಮಾಡಿದ್ದ, ಸ್ಟೀಪಲ್‌ಚೇಸ್‌ನಲ್ಲಿದ್ದ ಎಲ್ ಡೊರಾಡೊ ಕುದುರೆ ಚಕ್ರ ಟೋಕಿಯೊದ ತೋಶಿಮಾಎನ್ ಪಾರ್ಕಿಗೆ ಹೋಗಿ, 2020ರಲ್ಲಿ ಅದೂ ಮುಚ್ಚುವವರೆಗೆ ತಿರುಗುತ್ತಿತ್ತು. ಬಿಚ್ಚಿ ಸಾಗಿಸಬಹುದಾದದ್ದು ಹೀಗೆ ಉಳಿಯಿತು. ಕಟ್ಟಡದ ನೆಲಕ್ಕೇ ಸೇರಿಕೊಂಡಿದ್ದ ತಟ್ಟೆ, ಮೆಟ್ಟಿಲುಗಳನ್ನು ಕಿತ್ತು ಒಯ್ದು ಬೇರೆಡೆ ಕೂರಿಸುವುದು ಸುಲಭವಿರಲಿಲ್ಲ. ಆ ಆಟಗಳನ್ನು ಮತ್ತೆ ಮಾಡಿಸುವವರು ಮೋಟಾರ್, ಬೇರಿಂಗ್‌ಗಿಂತ ಮೊದಲು ಯೋಚಿಸಬೇಕಾದದ್ದು ಗುಂಡಿ ಒತ್ತಿ ತಕ್ಷಣ ನಿಲ್ಲಿಸಬಲ್ಲ ಒಬ್ಬ ಎಚ್ಚರದ ಕೆಲಸಗಾರನ ಬಗ್ಗೆ, ಆಮೇಲೆ ವಿಮೆಯ ಬಗ್ಗೆ.