ಸೆಟ್ ಅಂದ್ರೆ ಕೂರಿಸು

ಕಳೆದ ಭಾನುವಾರ ನನ್ನ ತಮ್ಮನ ಮಗಳು ಹಾಸನದಿಂದ ಬಂದಿದ್ದಳು. ಅಲ್ಲಿ ನರ್ಸಿಂಗ್ ಓದುತ್ತಿದ್ದಾಳೆ, ಎರಡನೇ ವರ್ಷ. ಮೂಡಿಗೆರೆಯಲ್ಲಿ ಬಸ್ಸಿಳಿದು ನಮ್ಮನೆ ಮೆಟ್ಟಿಲು ಹತ್ತುವಾಗಲೇ "ದೊಡ್ಡಪ್ಪಾ" ಅಂತ ಕೂಗಿಕೊಂಡು ಬರುವ ಹುಡುಗಿ. ಈ ಸಲ ಕೊಡೆ ಮಡಚಿ ಜಗಲಿ ಮೂಲೆಗೆ ಇಟ್ಟು, ಸುಮ್ನೆ ಒಳಗೆ ಬಂದು ಒಲೆ ಹತ್ತಿರ ಕೂತಳು. ಕಡುಬು, ಕಳಲೆ ಪಲ್ಯ ಹಾಕಿಕೊಟ್ಟರೂ ಸರಿಯಾಗಿ ತಿನ್ನಲಿಲ್ಲ.

ಕೇಳಿದ್ದಕ್ಕೆ ಹೇಳಿದಳು. ವಾರ್ಡಿನಲ್ಲಿ ಹೊರಗಿನ ಊರಿನ ಡಾಕ್ಟರೊಬ್ಬರು ರೌಂಡ್ಸಿಗೆ ಬಂದಿದ್ದರಂತೆ. ಇವಳನ್ನು ನೋಡಿ "ಆರ್ ಯು ಆಲ್ ಸೆಟ್?" ಅಂದರಂತೆ. ಇವಳು ಓಡಿಹೋಗಿ ಐವಿ ಸೆಟ್, ಅಂದರೆ ಡ್ರಿಪ್ ಹಾಕುವ ಕೊಳವೆ, ತಂದು ಕೈಗೆ ಕೊಟ್ಟಿದ್ದಾಳೆ. ಅವರು ಕೇಳಿದ್ದು "ಎಲ್ಲಾ ರೆಡಿನಾ?" ಅಂತ. ಪಕ್ಕದಲ್ಲಿದ್ದವರು ನಕ್ಕರು.

"ಕನ್ನಡ ಮೀಡಿಯಂ ಅಂತ ನನ್ನ ಮುಖದ ಮೇಲೆ ಬರೆದಿದ್ಯಾ ದೊಡ್ಡಪ್ಪ?" ಅಂದಾಗ ಅವಳ ಗಂಟಲು ಕಟ್ಟಿತ್ತು. ನನಗೆ ಹೊಟ್ಟೆಯಲ್ಲಿ ಸಂಕಟ ಆಯ್ತು.

ಆಮೇಲೆ ಬ್ಯಾಗಿನಿಂದ ನೋಟ್‌ಬುಕ್ ತೆಗೆದಳು. ಅವತ್ತು ರಾತ್ರಿ ಹಾಸ್ಟೆಲಿನಲ್ಲಿ ಕೂತು, ಫೋನಿನಲ್ಲಿ ನೋಡಿ, 'ಸೆಟ್' ಪದದ ಅರ್ಥಗಳನ್ನೆಲ್ಲಾ ನಂಬರ್ ಹಾಕಿ ಬರೆದಿದ್ದಾಳೆ. 23 ಅರ್ಥ. ಇಡು, ಜೋಡಿಸು, ಮುಳುಗು, ಗಟ್ಟಿಯಾಗು, ನಿಗದಿ ಮಾಡು, ಗುಂಪು, ಸಿದ್ಧ... "ಬೆಳಿಗ್ಗೆ ಬಾಯಿಪಾಠ ಮಾಡ್ತೀನಿ, ರಾತ್ರಿಗೆ ಒಂದೂ ತಲೇಲಿ ಇರಲ್ಲ" ಅಂದಳು.

ಅದು ಅವಳ ತಪ್ಪಲ್ಲ. ಹೀಗೆ ಬಿಡಿಬಿಡಿಯಾಗಿ ಬರೆದಿದ್ದನ್ನು ಯಾರ ತಲೆಯೂ ಇಟ್ಟುಕೊಳ್ಳುವುದಿಲ್ಲ. ನಾನು ಈ ಪದವನ್ನು ಕಲಿತದ್ದು ತೋಟದಲ್ಲಿ, ಒಂದು ದೊಡ್ಡ ತಪ್ಪು ಮಾಡಿ. ಆ ಕಥೆಯನ್ನು ಅವಳಿಗೆ ಹೇಳಿದೆ, ಇಲ್ಲೂ ಬರೀತೀನಿ.

ನಾನು ಪಿಯುಸಿ ಮುಗಿಸಿ ಕಾಫಿ ಎಸ್ಟೇಟ್ ಒಂದರಲ್ಲಿ ರೈಟರ್ ಕೆಲಸಕ್ಕೆ ಸೇರಿದ್ದು 1989ರಲ್ಲಿ. ರೈಟರ್ ಅಂದರೆ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಬೆಳಿಗ್ಗೆ ಆಳು ಲೆಕ್ಕ, ಚೆಕ್‌ರೋಲ್ ಅನ್ನುವ ಹಾಜರಿ ಪುಸ್ತಕ ಬರೆಯೋದು, ಕೆಲಸಕ್ಕೆ ಆಳು ಹಂಚೋದು, ಮಳೆ ಅಳತೆ ಬರೆಯೋದು, ಗೋಡೌನಿನ ಬೀಗದ ಕೈ ಇಟ್ಟುಕೊಳ್ಳೋದು. ಮ್ಯಾನೇಜರು ಎಲ್ಲವನ್ನೂ ಇಂಗ್ಲಿಷಿನಲ್ಲಿ ಚೀಟಿ ಬರೆದು ಕಳಿಸುತ್ತಿದ್ದರು. ನನಗೆ ಓದಲು ಬರುತ್ತಿತ್ತು. ಅರ್ಥ ಆಗುತ್ತಿದ್ದುದು ಅರ್ಧ.

ಎರಡನೇ ವರ್ಷದ ಕುಯ್ಲು ಮುಗಿಯುತ್ತಿತ್ತು. ಒಂದು ಬೆಳಿಗ್ಗೆ ಚೀಟಿ ಬಂತು. "ಸೆಟ್ ಅಸೈಡ್ 12 ಬ್ಯಾಗ್ಸ್ ಎಪಿ" ಅಂತ. ಎಪಿ ಅಂದರೆ ಅರೇಬಿಕಾ ಪಾರ್ಚ್‌ಮೆಂಟ್, ಪಲ್ಪ್ ಮಾಡಿ ತೊಳೆದು ಒಣಗಿಸಿದ ಕಾಫಿ. ಆ 12 ಮೂಟೆಗೆ ಇನ್ನೂ ಎರಡು ಬಿಸಿಲು ಬೇಕಿತ್ತು. ಅದಕ್ಕೇ ಅವನ್ನು ಬೇರೆ ಇಡು, ಕಳಿಸಬೇಡ ಅಂತ ಬರೆದಿದ್ದರು. ನನಗೆ ಗೊತ್ತಿದ್ದ ಸೆಟ್ ಅಂದರೆ ಜೋಡಿಸೋದು. ಸೈಡ್ ಅಂದರೆ ಪಕ್ಕ. ಆಳು ಕರೆದು, 12 ಮೂಟೆಯನ್ನೂ ಹೊರಗೆ ತೆಗೆಸಿ, ಗೋಡೌನ್ ಬಾಗಿಲ ಪಕ್ಕಕ್ಕೆ ಒಂದರ ಮೇಲೊಂದು ಚೆನ್ನಾಗಿ ಜೋಡಿಸಿದೆ. ಮಧ್ಯಾಹ್ನ ಲಾರಿ ಬಂತು. ಕಾಫಿ ಸಿಪ್ಪೆ ತೆಗೆದು ವಿಂಗಡಿಸುವ ಹಾಸನದ ಕ್ಯೂರಿಂಗ್ ವರ್ಕ್ಸಿಗೆ ಲೋಡು. ಹಮಾಲರು ಬಾಗಿಲ ಹತ್ತಿರ ಇದ್ದುದನ್ನೇ ಮೊದಲು ಹೊತ್ತರು. ಅವರದೇನು ತಪ್ಪು?

ಸಂಜೆ ಮ್ಯಾನೇಜರು ಬಂದು ಖಾಲಿ ಜಾಗ ನೋಡಿದರು. ಹಸಿ ಕಾಫಿ ಒಣಗಿದ ಕಾಫಿಯ ಜೊತೆ ಸೇರಿದರೆ ಬೂಷ್ಟು ಹಿಡಿಯುತ್ತೆ, ವಾಸನೆ ಬರುತ್ತೆ, ಇಡೀ ಲಾಟಿನ ರೇಟು ಬೀಳುತ್ತೆ. ಅವರು ಬೈಯಲಿಲ್ಲ. "ಸೆಟ್ ಅಸೈಡ್ ಅಂದ್ರೆ ಎತ್ತಿಡು, ಮುಟ್ಟಬೇಡ ಅಂತ ಕಣಯ್ಯಾ" ಅಂದರು, ಅಷ್ಟೇ. ನಾನು ರಾತ್ರಿ ಬಸ್ಸಿಗೇ ಹಾಸನಕ್ಕೆ ಹೋದೆ. ಬೆಳಗಿನ ಜಾವದ ಚಳಿಯಲ್ಲಿ ಗೇಟಿನ ಮುಂದೆ ನಿಂತು, ಲಾರಿ ಇಳಿಸುವ ಮೊದಲು ನನ್ನ ಕೈಯಾರೆ ಗುರುತು ಹಾಕಿದ್ದ ಮೂಟೆಗಳನ್ನು ಹುಡುಕಿ, ಬಾಡಿಗೆ ಟೆಂಪೋದಲ್ಲಿ ವಾಪಸ್ ತಂದೆ. ಬಾಡಿಗೆ ನನ್ನ ಸಂಬಳದಿಂದ ಹೋಯಿತು. ಆ ಎರಡು ಪದ ಮಾತ್ರ ಇವತ್ತಿಗೂ ಮರೆತಿಲ್ಲ.

ಆಮೇಲೆ ಮಾರ್ಚಿ ತಿಂಗಳು. ಅದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಸೆಟ್ ಪದದ ಒಳಗು ನನಗೆ ಕಂಡದ್ದು ಆಗ.

ಹೂ ಮಳೆ ಬಿದ್ದು ಎಂಟೊಂಬತ್ತು ದಿನಕ್ಕೆ ಕಾಫಿ ಅರಳುತ್ತೆ. ತೋಟ ಇಡೀ ಬೆಳ್ಳಗೆ, ಮಲ್ಲಿಗೆಯಂಥ ವಾಸನೆ, ಜೇನುಹುಳದ ಗುಂಯ್ ಸದ್ದು. ಎರಡು ಮೂರು ದಿನ ಅಷ್ಟೇ. ಆಮೇಲೆ ಹೂ ಕಂದು ಬಣ್ಣಕ್ಕೆ ತಿರುಗಿ ಒಣಗಿ ಉದುರುತ್ತೆ. ಹೊಸಬರಿಗೆ ಆಗ ತೋಟ ಸುಟ್ಟುಹೋದ ಹಾಗೆ ಕಾಣುತ್ತೆ. ಮ್ಯಾನೇಜರು ನನ್ನನ್ನು ಒಂದು ಗಿಡದ ಹತ್ತಿರ ಕರೆದು, ರೆಕ್ಕೆ, ಅಂದರೆ ಅಡ್ಡ ಕೊಂಬೆ, ಬಗ್ಗಿಸಿ, ಗೆಣ್ಣಿನ ಮೇಲಿದ್ದ ಒಣ ಹೂವನ್ನು ಹೆಬ್ಬೆರಳಲ್ಲಿ ಮೆಲ್ಲಗೆ ಸವರಿದರು. ಹೂ ಉದುರಿತು. ಅದರ ಬುಡದಲ್ಲಿ ಸಾಸಿವೆ ಕಾಳಿನಷ್ಟು ಹಸಿರು ಚುಕ್ಕಿಗಳು, ಗೆಣ್ಣಿನ ಸುತ್ತ ಒತ್ತಾಗಿ ಅಂಟಿಕೊಂಡಿದ್ದವು. ಉಗುರಿನಿಂದ ಮೀಟಿದರೂ ಅಲ್ಲಾಡಲಿಲ್ಲ. "ಸೀ, ಇಟ್ ಹ್ಯಾಸ್ ಸೆಟ್" ಅಂದರು. ಪಕ್ಕದ ಗಿಡದಲ್ಲಿ ಹೂ ಸವರಿದರೆ ಬುಡ ಖಾಲಿ, ಬರೀ ಗೆಣ್ಣು. "ಹಿಯರ್, ನೋ ಸೆಟ್."

ಇದನ್ನೇ ನಾವು ಕಾಯಿ ಕಚ್ಚೋದು ಅಂತೀವಿ. ಹೂ ಆದರೆ ಸಾಲದು. ಮೇಲಿಂದ ಇನ್ನೊಂದು ಮಳೆ, ನಮ್ಮವರು ಬ್ಯಾಕಿಂಗ್ ಅನ್ನುವ ಮಳೆ, ಎರಡು ಮೂರು ವಾರದೊಳಗೆ ಬಂದರೆ ಕಚ್ಚಿದ ಕಾಯಿ ನಿಲ್ಲುತ್ತೆ. ಅವತ್ತು ಆ ಹಸಿರು ಚುಕ್ಕಿ ನೋಡುತ್ತಾ ನನಗೆ ಅನಿಸಿದ್ದು: ಇದು ತನ್ನ ಜಾಗದಲ್ಲಿ ಕೂತಿತು. ಇನ್ನು ಏಳಲ್ಲ.

ಎಷ್ಟೋ ವರ್ಷದ ಮೇಲೆ ಒಂದು ಇಂಗ್ಲಿಷ್ ನಿಘಂಟಿನಲ್ಲಿ ಈ ಪದದ ಹುಟ್ಟು ನೋಡಿದೆ. ನಿಜವಾಗಿಯೂ ಅದೇ! ಹಳೇ ಇಂಗ್ಲಿಷಿನಲ್ಲಿ 'ಸಿಟ್' ಅಂದರೆ ಕೂರು. ಅದರಿಂದ ಹುಟ್ಟಿದ 'ಸೆಟ್' ಅಂದರೆ ಕೂರಿಸು. ನಾವು ಇಸು ಹಚ್ಚಿ ಕೂರು–ಕೂರಿಸು, ಬೀಳು–ಬೀಳಿಸು ಅಂತ ಮಾಡಿಕೊಳ್ಳುತ್ತೇವೆ. ಅವರು ಒಳಗಿನ ಸ್ವರ ಬದಲಾಯಿಸಿ ಸಿಟ್–ಸೆಟ್, ಫಾಲ್–ಫೆಲ್ ಅಂತ ಮಾಡಿಕೊಂಡಿದ್ದರು. ಮರ ಕಡಿದು ಉರುಳಿಸೋದಕ್ಕೆ 'ಫೆಲ್' ಅನ್ನೋದು ತೋಟದ ಲೆಕ್ಕದ ಪುಸ್ತಕದಲ್ಲಿ ದಿನಾ ಬರುತ್ತಿದ್ದ ಪದ. ಅದೂ ಬೀಳಿಸು ಅಂತಲೇ!

ಇದನ್ನು ಹೇಳಿದ ಮೇಲೆ ಅವಳ ನೋಟ್‌ಬುಕ್ ತೆಗೆದುಕೊಂಡು ಅವಳಿಗೇ ಕೇಳಿದೆ. "ಗಣಪತಿ ಹಬ್ಬಕ್ಕೆ ಏನ್ ಮಾಡ್ತೀವಿ?"

"ಗಣಪತಿ ಕೂರಿಸ್ತೀವಿ."

"ಉಂಗುರಕ್ಕೆ ಹರಳು?"

"ಕೂರಿಸ್ತಾರೆ."

"ಹೊಸ ಮನೆಗೆ ಬಾಗಿಲ ಚೌಕಟ್ಟು?"

"ಅದೂ ಕೂರಿಸೋದೇ."

ಹರಳಿಗೂ ಚೌಕಟ್ಟಿಗೂ ಇಂಗ್ಲಿಷಿನಲ್ಲಿ ಸೆಟ್ ಅಂತಲೇ ಹೇಳಬಹುದು. ಮುರಿದ ಮೂಳೆಯನ್ನು ಅದರ ಜಾಗಕ್ಕೆ ತಂದು ಕೂರಿಸಿ ಕಟ್ಟಿದರೆ 'ಸೆಟ್ ಎ ಬೋನ್'. ಇದು ಅವಳ ಪುಸ್ತಕದಲ್ಲೇ ಇದ್ದ ಮಾತು. ಅಲಾರಂ ಮುಳ್ಳನ್ನು ಐದು ಗಂಟೆಗೆ ಕೂರಿಸಿದರೆ ಸೆಟ್. ಊಟದ ಮೇಜಿನ ಮೇಲೆ ತಟ್ಟೆ ಲೋಟ ಅವುಗಳ ಜಾಗಕ್ಕೆ ಕೂತರೆ ಸೆಟ್. ಸಿಮೆಂಟ್ ಗಟ್ಟಿಯಾಗಿ ಕೂತರೆ ಸೆಟ್, ಗಾರೆಯವರು ಕನ್ನಡದಲ್ಲೂ ಹಾಗೇ ಹೇಳ್ತಾರೆ, ಅಲ್ವಾ? ಹಾಲು ಮೊಸರಾಗಿ ಹೆಪ್ಪುಗಟ್ಟಿದರೂ ಸೆಟ್. ಸೂರ್ಯ ನಮಗೆ ಮುಳುಗುತ್ತಾನೆ, ಅವರಿಗೆ ಕೂರುತ್ತಾನೆ. ನೋಟ್‌ಬುಕ್ಕಿನ 23ರಲ್ಲಿ 14ಕ್ಕೆ ಹೀಗೆ ಲೆಕ್ಕ ಸಿಕ್ಕಿತು. ಏನು ಕೂತಿತು, ಎಲ್ಲಿ ಕೂತಿತು ಅಂತ ಕೇಳಿಕೊಂಡರೆ ಸಾಕು. 'ಆಲ್ ಸೆಟ್' ಕೂಡ ಇದರಲ್ಲೇ ಬಂತು. ಎಲ್ಲವೂ ಅದರದರ ಜಾಗದಲ್ಲಿ ಕೂತಿದೆ, ಇನ್ನು ಶುರು ಮಾಡಬಹುದು.

ಹಾಗಾದರೆ ಐವಿ ಸೆಟ್? ಪಂಪ್‌ಸೆಟ್? ಒಂದು ಪ್ಲೇಟಿಗೆ ಮೂರು ಬರುವ ಸೆಟ್ ದೋಸೆ? ಅದರ ಮೂಲವೇ ಬೇರೆ. ಒಟ್ಟಿಗೆ ಸೇರಿದ ಗುಂಪು ಅನ್ನುವ ಸೆಟ್ ಹಳೇ ಫ್ರೆಂಚಿನಿಂದ ಬಂದದ್ದು, ಅದರ ಹಿಂದೆ ಪಂಥ ಅನ್ನುವ ಅರ್ಥದ ಲ್ಯಾಟಿನ್ ಪದ ಇದೆ. ಆಮೇಲೆ ಎರಡೂ ಒಂದೇ ರೂಪಕ್ಕೆ ಬಂದು ಬೆರೆತುಹೋದವು. ನಮ್ಮಲ್ಲಿ ಮೆಟ್ಟಿಲು ಹತ್ತು ಅನ್ನೋದಕ್ಕೂ ಹತ್ತು ರೂಪಾಯಿ ಅನ್ನೋದಕ್ಕೂ ಒಂದೇ ಹತ್ತು ಇದೆಯಲ್ಲ, ಹಾಗೆ. ಆದ್ದರಿಂದ ವಾರ್ಡಿನಲ್ಲಿ ಅವಳು ಮಾಡಿದ್ದು ದಡ್ಡತನ ಅಂತ ನಾನು ಒಪ್ಪಲ್ಲ. ದಿನಕ್ಕೆ ಇಪ್ಪತ್ತು ಸಲ ಕಿವಿಗೆ ಬೀಳುವ ಸೆಟ್ ಯಾವುದೋ ಅದೇ ಅವಳಿಗೆ ಮೊದಲು ಹೊಳೆದಿದೆ.

ಅಷ್ಟೇ ಅಲ್ಲ. 1989ರಲ್ಲಿ, ನಾನು ರೈಟರ್ ಆದ ವರ್ಷವೇ, ಆಕ್ಸ್‌ಫರ್ಡಿನ ದೊಡ್ಡ ಇಂಗ್ಲಿಷ್ ನಿಘಂಟಿನ ಎರಡನೇ ಆವೃತ್ತಿ ಬಂತು. ಅದರಲ್ಲಿ ಸೆಟ್ ಕ್ರಿಯಾಪದಕ್ಕೇ ಸುಮಾರು 430 ಅರ್ಥ, ವಿವರಣೆಗೆ ಸುಮಾರು 60,000 ಪದ. ಆಗ ಅತಿ ಉದ್ದದ ನಮೂದು ಅದೇ. ಈಗಿನ ಪರಿಷ್ಕರಣೆಯಲ್ಲಿ 'ರನ್' ಅದನ್ನು ಹಿಂದೆ ಹಾಕಿದೆ, 645 ಅರ್ಥ. ಪೀಟರ್ ಗಿಲಿವರ್ ಅನ್ನುವ ಸಂಪಾದಕರು ಆ ಒಂದು ಪದಕ್ಕೆ ಒಂಬತ್ತು ತಿಂಗಳು ಕೂತರು. ನಿಘಂಟು ಮಾಡುವವರಿಗೇ ಒಂಬತ್ತು ತಿಂಗಳು ಹಿಡಿದ ಕೆಲಸವನ್ನು ಇಪ್ಪತ್ತರ ಹುಡುಗಿ ಒಂದು ರಾತ್ರಿಯಲ್ಲಿ ಮಾಡಲಿಲ್ಲ ಅಂತ ನಗುವುದು ಅನ್ಯಾಯ.

ಹೊರಗೆ ಆರಿದ್ರ ಮಳೆ ಹುಯ್ಯುತ್ತಿತ್ತು. ಹಂಚಿನ ಮೇಲೆ ಒಂದೇ ಸಮ ಸದ್ದು. ನಾನು ಹಳೇ ಮಳೆ ಪುಸ್ತಕ ತೆಗೆದು ತೋರಿಸಿದೆ. ನಮ್ಮಲ್ಲಿ ಈಗಲೂ ಮಳೆ ಲೆಕ್ಕ ಇಂಚು, ಸೆಂಟಿನಲ್ಲೇ, ನೂರು ಸೆಂಟಿಗೆ ಒಂದು ಇಂಚು. ಒಂದು ಜೂನ್ ಪುಟದಲ್ಲಿ 1 ಇಂಚು 20 ಸೆಂಟು, ಅದರ ಮುಂದೆ ಮ್ಯಾನೇಜರ ಕೈಬರಹ, "ಮಾನ್ಸೂನ್ ಸೆಟ್ ಇನ್" ಅಂತ.

"ಇದನ್ನ ಕನ್ನಡದಲ್ಲಿ ಹೇಳು."

"ಮಳೆಗಾಲ ಆರಂಭವಾಯಿತು."

"ಅದು ರೇಡಿಯೋದವರ ಮಾತು. ನಿನ್ನಜ್ಜಿ ಏನಂತಿದ್ಲು?"

ಸ್ವಲ್ಪ ಯೋಚಿಸಿದಳು. "ಮಳೆ ಹಿಡೀತು."

ಅವಳ ಮುಖ ಅರಳಿದ್ದು ಆಗ. ಬಂದು ಹೋಗುವ ಮಳೆ ಬೇರೆ, ಹಿಡಿದ ಮಳೆ ಬೇರೆ. 'ಸೆಟ್ ಇನ್' ಅನ್ನೋದಕ್ಕೆ ಇದಕ್ಕಿಂತ ಸರಿಯಾದ ಮಾತು ನನಗೆ ಗೊತ್ತಿಲ್ಲ. ಈಗ 'ಹಿಡಿ' ಪದಕ್ಕೆ ಎಷ್ಟು ಅರ್ಥ ಇದೆ ಬರಿ ಅಂದೆ. ಬಸ್ ಹಿಡಿ, ಮೀನು ಹಿಡಿ, ಕಬ್ಬಿಣಕ್ಕೆ ತುಕ್ಕು ಹಿಡಿ, ಅಕ್ಕಿಗೆ ಹುಳ ಹಿಡಿ, ಅನ್ನ ತಳ ಹಿಡಿ, ಸೊಂಟ ಹಿಡಿ, ಹಟ ಹಿಡಿ, ಹುಚ್ಚು ಹಿಡಿ, ಕೆಲಸ ಹಿಡಿ, ದಾರಿ ಹಿಡಿ, ಕೊಡೆ ಹಿಡಿ, ಈ ಚೀಲ ಹತ್ತು ಕೆಜಿ ಹಿಡಿಯುತ್ತೆ, ಹೋಗೋಕೆ ಎರಡು ಗಂಟೆ ಹಿಡಿಯುತ್ತೆ, ಸಂಬಳದಲ್ಲಿ ದುಡ್ಡು ಹಿಡಿದರು... ಕಾಫಿ ಆರುವಷ್ಟರಲ್ಲಿ 19 ಬರೆದಳು. ನನ್ನ ಹೆಂಡತಿ ಒಲೆ ಹತ್ತಿರದಿಂದ "ಮದುವೇಲಿ ಕೈ ಹಿಡಿಯೋದು ಬಿಟ್ಟೆಯಲ್ಲೇ" ಅಂದಳು. 20 ಆಯ್ತು.

ಒಂದನ್ನೂ ಯಾರೂ ಅವಳಿಗೆ ನಂಬರ್ ಹಾಕಿ ಕಲಿಸಿರಲಿಲ್ಲ. ಮಳೆ, ಅನ್ನ, ಬಸ್ಸು ಇವುಗಳ ಜೊತೆಗೇ ಬಂದಿದ್ದವು. "ಇಷ್ಟನ್ನ ತಲೇಲಿ ಇಟ್ಕೊಂಡಿರೋಳಿಗೆ ಸೆಟ್ ಯಾವ ಲೆಕ್ಕ?" ಅಂದೆ.

ಕೂರಿಸು ಅನ್ನುವ ಸೂತ್ರ ಎಲ್ಲಾ ಕಡೆ ನಡೆಯಲ್ಲ, ಅದನ್ನೂ ಹೇಳಿದೆ. 'ಸೆಟ್ ಆಫ್', 'ಸೆಟ್ ಔಟ್' ಅಂದರೆ ಹೊರಡೋದು. ಪಟಾಕಿ ಹಚ್ಚೋದೂ ಸೆಟ್ ಆಫ್. ಇಲ್ಲಿ ಬಾಲದ ಪದ ಅರ್ಥವನ್ನೇ ತಿರುಗಿಸುತ್ತೆ. ನಮ್ಮಲ್ಲಿ ನೋಡು ಬೇರೆ, ನೋಡ್ಕೋ ಬೇರೆ. "ರೋಗಿನ ನೋಡು" ಅಂತ ಹೇಳಿ ಹೋದವರಿಗೂ "ರೋಗಿನ ನೋಡ್ಕೋ" ಅಂತ ಹೇಳಿ ಹೋದವರಿಗೂ ಎಷ್ಟು ವ್ಯತ್ಯಾಸ! ಇಂಥವನ್ನು ಬಾಲದ ಜೊತೆಗೇ ಒಂದು ಪದ ಅಂತ ಇಟ್ಟುಕೊಳ್ಳಬೇಕು, ಬೇರೆ ದಾರಿ ಇಲ್ಲ. ಇನ್ನು ಭೂತಕಾಲದಲ್ಲೂ ಸೆಟ್ ಸೆಟ್ಟೇ.

ಒಂದು ಎಚ್ಚರಿಕೆ ಮಾತ್ರ ಜಾಸ್ತಿ ಒತ್ತಿ ಹೇಳಿದೆ. ಕನ್ನಡದಲ್ಲಿ ನಾವು "ಆ ಊರು ನಂಗೆ ಸೆಟ್ ಆಗಲ್ಲ" ಅಂತೀವಲ್ಲ, ಅದು ಈಗ ನಮ್ಮದೇ ಪದ. ಅದನ್ನು ಹಾಗೇ ಎತ್ತಿ ಇಂಗ್ಲಿಷಿಗೆ ಹಾಕಬಾರದು. ಸಂದರ್ಶನದಲ್ಲಿ "ನೈಟ್ ಡ್ಯೂಟಿ ಸೆಟ್ ಆಗಲ್ಲ" ಅನ್ನೋದನ್ನು ಇಂಗ್ಲಿಷಿನಲ್ಲಿ ಹೇಳುವಾಗ ಅಲ್ಲಿ ಬೇಕಾದ್ದು 'ಸೂಟ್'. ಅವಳು ಅದನ್ನು ಕೆಂಪು ಪೆನ್ನಿನಲ್ಲಿ ಬರೆದುಕೊಂಡಳು.

ಸಂಜೆ ನಾಲ್ಕರ ಬಸ್ಸಿಗೆ ಬಿಟ್ಟು ಬಂದೆ. ಕಡುಬು ಡಬ್ಬಿಗೆ ಹಾಕಿಸಿಕೊಂಡು ಹೋದಳು. ಮಾರನೇ ಬೆಳಿಗ್ಗೆ ಅಳತೆ ನೋಡಿದರೆ 2 ಇಂಚು 35 ಸೆಂಟು.

ಬರುವ ಭಾನುವಾರ 'ರನ್' ತರ್ತೀನಿ ಅಂತ ಹೇಳಿದ್ದಾಳೆ. ಅವರ ವಾರ್ಡಿನಲ್ಲಿ ಡ್ರಿಪ್ ರನ್ ಆಗುತ್ತೆ, ಮೂಗು ರನ್ ಆಗುತ್ತೆ, ಔಷಧಿ ರನ್ ಔಟ್ ಆಗುತ್ತೆ. ಅದಕ್ಕೆ ನಮ್ಮ ಓಡು ಒಂದೇ ಸಾಲದು. ಹರಿ, ಸೋರು, ನಡೆಸು ಎಲ್ಲಾ ಬೇಕು. ಎಸ್ಟೇಟಿನ ಹಳೇ ಚೀಟಿಗಳ ಕಟ್ಟು ಅಟ್ಟದ ಮೇಲಿದೆ. ಇಳಿಸಿ ನೋಡ್ತಾ ಇದ್ದೀನಿ.